ಮನೆ, ಮಕ್ಕಳು, ಮ್ಯಾರಥಾನ್: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಇಬ್ಬರು ಮಕ್ಕಳು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಇದುವರೆಗೆ ಮೂರು ಮ್ಯಾರಥಾನ್, ಅಂದರೆ 42 ಕಿಲೋಮೀಟರಿನ ಓಟ, ಓಡಿದ್ದೇನೆ, ಮೂರೂ ತಾಯಿಯಾದ ಮೇಲೆಯೇ. ಓಡಬೇಕು ಅಂತ ಆಸೆ ಇರುವ ಅಪ್ಪ-ಅಮ್ಮಂದಿರು ಸಿಕ್ಕಾಗ ಶೂ ಬಗ್ಗೆ, ಸ್ಪೀಡ್ ಬಗ್ಗೆ ಕೇಳುವುದು ಕಡಿಮೆ. ಮನೆ ಬಗ್ಗೆ ಕೇಳುವುದೇ ಜಾಸ್ತಿ. ಆ ಪ್ರಶ್ನೆಗಳನ್ನು, ನನಗೆ ಗೊತ್ತಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಮ್ಯಾರಥಾನ್ ಓಡಲು ನಿಜವಾಗಿಯೂ ಆಗುತ್ತಾ?

ಆಗುತ್ತದೆ. ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2007ರ ಜನವರಿಯಲ್ಲಿ ಮಗಳನ್ನು ಹೆತ್ತರು. ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. 2014ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದ ಮೆಬ್ ಕೆಫ್ಲೆಜಿಗಿ ಅವರಿಗೆ ಆಗ 38 ವರ್ಷ, ಮನೆಯಲ್ಲಿ ಮೂವರು ಹೆಣ್ಣುಮಕ್ಕಳು.

ಆದರೆ ಇವರಿಗೆಲ್ಲ ಓಟವೇ ಕೆಲಸ, ಅಲ್ವಾ? ನನಗೆ ಹತ್ತಿರ ಅನ್ನಿಸುವುದು ಅಮೆರಿಕದ ಕೀರಾ ಡಿ'ಅಮಾಟೊ ಅವರ ಕಥೆ. ಓಟ ಬಿಟ್ಟು ಎಷ್ಟೋ ವರ್ಷವಾಗಿತ್ತು. ಮನೆ ಮಾರಾಟದ ಏಜೆಂಟ್ ಕೆಲಸ, ಇಬ್ಬರು ಮಕ್ಕಳು. ಆಮೇಲೆ ನಿಧಾನವಾಗಿ ಮತ್ತೆ ಓಡಲು ಶುರು ಮಾಡಿದರು. 2022ರ ಜನವರಿಯಲ್ಲಿ, 37ನೇ ವಯಸ್ಸಿನಲ್ಲಿ, ಹ್ಯೂಸ್ಟನ್ ಮ್ಯಾರಥಾನ್ ಅನ್ನು 2 ಗಂಟೆ 19 ನಿಮಿಷ 12 ಸೆಕೆಂಡಿನಲ್ಲಿ ಮುಗಿಸಿದರು. ಅಮೆರಿಕದ ಮಹಿಳೆಯರ ದಾಖಲೆ ಅಂದು ಅವರದಾಯಿತು.

ನಮ್ಮ ಗುರಿ ಅಷ್ಟು ದೊಡ್ಡದಿರಬೇಕಿಲ್ಲ. ಸುಮಾರು ಮ್ಯಾರಥಾನ್‌ಗಳಲ್ಲಿ ಓಟ ಮುಗಿಸಲು 6ರಿಂದ 7 ಗಂಟೆ ಕೊಡುತ್ತಾರೆ. 6 ಗಂಟೆಯಲ್ಲಿ ಮುಗಿಸಲು ಕಿಲೋಮೀಟರಿಗೆ ಎಂಟೂವರೆ ನಿಮಿಷ ಹಿಡಿದರೆ ಸಾಕು. ನಡುನಡುವೆ ನಡೆದುಕೊಂಡೇ ಅದನ್ನು ಮುಟ್ಟಬಹುದು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೋವೇ ಈ ಓಟ-ನಡಿಗೆಯ ಪದ್ಧತಿಯನ್ನೇ ಸಾವಿರಾರು ಜನರಿಗೆ ಕಲಿಸಿದರು. ನನ್ನ ಮೊದಲ ಮ್ಯಾರಥಾನ್ ಮುಗಿದದ್ದೂ ಹಾಗೆಯೇ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ.

ವಯಸ್ಸು 40 ದಾಟಿದ್ದರೆ, ಹೃದಯದ ತೊಂದರೆ, ಬಿಪಿ, ಶುಗರ್ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಇದನ್ನು ಮುಂದೂಡಬೇಡಿ.

ವಾರಕ್ಕೆ ಎಷ್ಟು ಸಮಯ ಬೇಕಾಗುತ್ತದೆ?

ಕಾಗದದ ಮೇಲಿನ ಲೆಕ್ಕ ಹೀಗಿದೆ. ಟ್ರೈನಿಂಗ್ 16ರಿಂದ 20 ವಾರ. ವಾರಕ್ಕೆ ನಾಲ್ಕು ದಿನ ಓಟ. ಮೂರು ದಿನ 45 ನಿಮಿಷದಿಂದ ಒಂದು ಗಂಟೆ, ಒಂದು ದಿನ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟ. ಒಟ್ಟು ಐದೂವರೆ, ಆರು ಗಂಟೆ. ನೋಡಿದರೆ ಜಾಸ್ತಿ ಅನ್ನಿಸುವುದಿಲ್ಲ.

ಮನೆಯ ಲೆಕ್ಕ ಬೇರೆ. ಮೂರು ಗಂಟೆಯ ಲಾಂಗ್ ರನ್ ಮನೆಗೆ ಮೂರು ಗಂಟೆಯದಲ್ಲ. ಹಿಂದಿನ ರಾತ್ರಿ ಬೇಗ ಮಲಗಬೇಕು, ಅಂದರೆ ರಾತ್ರಿಯ ಕೆಲಸ ಇನ್ನೊಬ್ಬರ ತಲೆಗೆ. ಬೆಳಿಗ್ಗೆ ಬಂದ ಮೇಲೆ ಕಾಲು ಚಾಚಿ ಕೂರಬೇಕು, ಸ್ನಾನ ಮಾಡಬೇಕು, ಹಸಿವು ವಿಪರೀತ. ಊಟವಾದ ಮೇಲೆ ಕಣ್ಣು ತಾನಾಗಿ ಮುಚ್ಚುತ್ತದೆ. ಭಾನುವಾರ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಇದು ನನಗೆ ಗೊತ್ತಾಗಿದ್ದು ಮಗಳಿಂದ. ಅವಳಿಗೆ ಆಗ ಐದು ವರ್ಷ. ಒಂದು ಶನಿವಾರ ರಾತ್ರಿ ನಾನು ಶೂಗೆ ಲೇಸ್ ಸರಿಮಾಡುತ್ತಿದ್ದೆ. ಪಕ್ಕದಲ್ಲಿ ಬಂದು ಕೂತಳು. ಯಾಕೆ ಓಡ್ತೀಯ ಅಂತ ಕೇಳಲಿಲ್ಲ, ಎಷ್ಟು ಹೊತ್ತಿಗೆ ಬರ್ತೀಯ ಅಂತಲೂ ಕೇಳಲಿಲ್ಲ. 'ಓಡಿ ಬಂದ್ಮೇಲೆ ಮಲ್ಕೋತೀಯಾ?' ಅಂತ ಕೇಳಿದಳು.

ನಾನು ಓಡಲು ಹೋಗುವ ಮೂರು ಗಂಟೆ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಆ ಹೊತ್ತಿನಲ್ಲಿ ಅವಳು ನಿದ್ದೆಯಲ್ಲೇ ಇರುತ್ತಿದ್ದಳು. ಅವಳಿಗೆ ನಾನು ಇಲ್ಲದೆ ಹೋಗುತ್ತಿದ್ದದ್ದು ಮನೆಗೆ ಬಂದ ಮೇಲೆ. ಅಲ್ಲಿಂದ ನಾನು ಲಾಂಗ್ ರನ್ ಅನ್ನು ಕಿಲೋಮೀಟರಿನಲ್ಲಿ ಅಳೆಯುವುದನ್ನು ಬಿಟ್ಟೆ. ಬಂದ ಮೇಲೆ ಮಕ್ಕಳ ಜೊತೆ ಕೂರುವಷ್ಟು ಶಕ್ತಿ ಉಳಿಯುತ್ತದಾ ಎಂದು ನೋಡುತ್ತೇನೆ. ಪೇಸ್, ಅಂದರೆ ಓಟದ ವೇಗ, ಇಳಿಸಿದೆ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಅಷ್ಟು ನಿಧಾನ. ಓಟದ ನಡುವೆ ತಿನ್ನುವುದನ್ನು ಕಲಿತೆ. ಮಧ್ಯಾಹ್ನದ ನಿದ್ದೆಗೆ 30 ನಿಮಿಷದ ಅಲಾರಾಂ ಇಟ್ಟೆ. ಈ ಮೂರರಿಂದ ಭಾನುವಾರ ಮಧ್ಯಾಹ್ನ ಮನೆಗೆ ವಾಪಸ್ ಸಿಕ್ಕಿತು.

ಗಂಡ ಅಥವಾ ಹೆಂಡತಿಗೆ ಹೇಗೆ ಹೇಳುವುದು?

ಹೇಳಬೇಡಿ. ಕೇಳಿ. ಅದೂ ಹೆಸರು ಕೊಡುವ ಮೊದಲು.

ನಾನು ಮೊದಲ ಸಲ ಹೆಸರು ಕೊಟ್ಟು, ದುಡ್ಡು ಕಟ್ಟಿ, ಆಮೇಲೆ ಮನೆಯಲ್ಲಿ ಹೇಳಿದೆ. ಗಂಡ 'ಸರಿ' ಅಂದರು. ಆ 'ಸರಿ'ಯನ್ನು ನಾನು ಒಪ್ಪಿಗೆ ಅಂದುಕೊಂಡೆ. ಹತ್ತೋ ಹನ್ನೊಂದೋ ವಾರವಾಗಿತ್ತು, ಒಂದು ಭಾನುವಾರ 28 ಕಿಲೋಮೀಟರ್ ಮುಗಿಸಿ ಖುಷಿಯಲ್ಲಿ ಬಾಗಿಲು ತೆರೆದೆ. ಮಗಳಿಗೆ ರಾತ್ರಿಯೇ ಜ್ವರ ಬಂದಿತ್ತಂತೆ. ನನ್ನ ನಿದ್ದೆ ಕೆಡಬಾರದು ಎಂದು ಎಬ್ಬಿಸಿರಲಿಲ್ಲ. ಅವರ ಭುಜದ ಮೇಲೆ ಸಿರಪ್ ಚೆಲ್ಲಿ ಒಣಗಿದ ಗುಲಾಬಿ ಕಲೆ. ಮಗು ಅದೇ ಭುಜದ ಮೇಲೆ ಮಲಗಿತ್ತು. ಅವರು ರೇಗಲಿಲ್ಲ. ಮೆಲ್ಲಗೆ ಹೇಳಿದರು: 'ನೀನು ಓಡೋದಕ್ಕೆ ನನಗೆ ಬೇಜಾರಿಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲ, ಅದಕ್ಕೆ ಬೇಜಾರು.'

ಈಗ ನಾವು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರುತ್ತೇವೆ. ಮಕ್ಕಳ ಪರೀಕ್ಷೆ, ಇಬ್ಬರ ಆಫೀಸಿನ ಒತ್ತಡದ ತಿಂಗಳು, ಮನೆಯ ಸಮಾರಂಭ, ಊರಿಗೆ ಹೋಗುವ ದಿನ, ಎಲ್ಲವನ್ನೂ ಮೊದಲು ಬರೆಯುತ್ತೇವೆ. ಆಮೇಲೆ ಲಾಂಗ್ ರನ್. ಎಷ್ಟು ಭಾನುವಾರ ಬೇಕು ಅನ್ನುವುದನ್ನು ಮುಚ್ಚಿಡದೆ ಎಣಿಸಿ ಹೇಳುತ್ತೇನೆ. ಅವರು ಆಗಲ್ಲ ಅಂದ ದಿನ ಆಗಲ್ಲ.

ಇನ್ನೊಂದು ಮಾತು. ಸಮಯದ ಸಾಲವನ್ನು ಸಮಯದಲ್ಲೇ ತೀರಿಸಬೇಕು. ಉಡುಗೊರೆ ಕೊಟ್ಟು ತೀರಿಸಲು ಹೋಗಬೇಡಿ. ನನಗೆ ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆ ಸಿಕ್ಕರೆ ಅವರಿಗೆ ಅದೇ ವಾರ ನಾಲ್ಕು ಗಂಟೆ ಬಿಡುವು ಸಿಗಬೇಕು. ಆ ನಾಲ್ಕು ಗಂಟೆ ಅವರು ಏನು ಮಾಡುತ್ತಾರೆ ಎಂದು ನಾನು ಕೇಳುವುದಿಲ್ಲ. ಮಕ್ಕಳಿಗೆ ಏನು ತಿನ್ನಿಸಲಿ, ಸಾಕ್ಸ್ ಎಲ್ಲಿದೆ ಅಂತ ಫೋನ್ ಮಾಡುವುದೂ ಇಲ್ಲ.

ದಿನದ ಯಾವ ಹೊತ್ತು ಒಳ್ಳೆಯದು?

ನಿಮ್ಮ ಮನೆಗೆ ನಿಮ್ಮ ಅಗತ್ಯ ಅತಿ ಕಡಿಮೆ ಇರುವ ಹೊತ್ತು. ನಮ್ಮಲ್ಲಿ ಅದು ಬೆಳಗಿನ ಐದು ಗಂಟೆ. ಮಕ್ಕಳು ಏಳುವುದು ಆರೂವರೆಗೆ.

ಬೆಳಗಿನ ಓಟ ಶುರುವಾಗುವುದು ಹಿಂದಿನ ರಾತ್ರಿ. ಬಟ್ಟೆ ಬಚ್ಚಲುಮನೆಯಲ್ಲಿ, ಶೂ ಬಾಗಿಲ ಹತ್ತಿರ, ಸಾಕ್ಸ್ ಶೂ ಒಳಗೆ. ಬೆಡ್‌ರೂಮಿನಲ್ಲಿ ಏನೂ ಇಡುವುದಿಲ್ಲ, ಕತ್ತಲಲ್ಲಿ ಹುಡುಕಿದರೆ ಸದ್ದಾಗುತ್ತದೆ. ನಮ್ಮ ಬಾಗಿಲ ಚಿಲಕ ತೆಗೆಯುವಾಗ ಟಕ್ ಅನ್ನುತ್ತದೆ. ಆ ಒಂದು ಸದ್ದಿಗೆ ಮಗ ಎದ್ದು ಕೂರುತ್ತಿದ್ದ. ಹೆಬ್ಬೆರಳನ್ನು ಚಿಲಕದ ಕೆಳಗೆ ಕೊಟ್ಟು ಮೆಲ್ಲಗೆ ಸರಿಸುವುದನ್ನು ಕಲಿತೆ. ಇಂಥ ಸಣ್ಣ ಸಣ್ಣ ವಿಷಯದಲ್ಲೇ ವಾರದ ಓಟ ಉಳಿಯುವುದು, ಹೋಗುವುದು.

ಒಂದು ತಪ್ಪು ಮಾತ್ರ ಮಾಡಬೇಡಿ. ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಏಳುವುದು ಶಿಸ್ತು ಅಲ್ಲ. ದೇಹ ರಿಪೇರಿಯಾಗುವುದು ನಿದ್ದೆಯಲ್ಲೇ. ಐದಕ್ಕೆ ಎದ್ದು ಓಡಬೇಕಾದರೆ ಒಂಬತ್ತೂವರೆಗೆ, ಹೆಚ್ಚೆಂದರೆ ಹತ್ತಕ್ಕೆ ದೀಪ ಆರಬೇಕು. ನಾನು ಅದಕ್ಕಾಗಿ ರಾತ್ರಿ ಫೋನ್ ನೋಡುವುದನ್ನು ಬಿಟ್ಟೆ.

ಕತ್ತಲಲ್ಲಿ ಓಡುವುದಾದರೆ ಬೆಳಕಿಗೆ ಹೊಳೆಯುವ ಬಟ್ಟೆ ಹಾಕಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಗೊತ್ತಿರಲಿ.

ರಾತ್ರಿಯೆಲ್ಲ ಮಗು ಮಲಗಲೇ ಇಲ್ಲ. ಬೆಳಿಗ್ಗೆ ಓಡಬೇಕಾ?

ಬೇಡ, ಮಲಗಿ. ಐದು ಗಂಟೆಗಿಂತ ಕಡಿಮೆ ನಿದ್ದೆಯಾಗಿದ್ದರೆ ನಾನು ಲಾಂಗ್ ರನ್ನೂ ಮಾಡುವುದಿಲ್ಲ, ಜೋರು ಓಟವನ್ನೂ ಮಾಡುವುದಿಲ್ಲ. ತೀರಾ ಮನಸ್ಸಾದರೆ ಸಂಜೆ ಅರ್ಧ ಗಂಟೆ ಸುಮ್ನೆ ನಡೆಯುತ್ತೇನೆ.

ಮಗುವಿಗೆ ಹುಷಾರಿಲ್ಲದೆ ಒಂದು ವಾರ ಓಟ ತಪ್ಪಿಹೋಯಿತು. ಹೇಗೆ ಸರಿದೂಗಿಸಲಿ?

ಸರಿದೂಗಿಸಬೇಡಿ. ತಪ್ಪಿದ್ದು ತಪ್ಪಿತು. ಒಂದು ವಾರದಲ್ಲಿ ದೇಹ ಕಲಿತದ್ದನ್ನು ಮರೆಯುವುದಿಲ್ಲ. ತಪ್ಪಿದ ಓಟವನ್ನೆಲ್ಲ ಮುಂದಿನ ವಾರಕ್ಕೆ ತುರುಕಿದರೆ ಮಂಡಿಗೋ ಹಿಮ್ಮಡಿಗೋ ಪೆಟ್ಟು ಬೀಳುತ್ತದೆ. ಆಗ ಹೋಗುವುದು ಒಂದು ವಾರವಲ್ಲ, ಎರಡು ತಿಂಗಳು.

ಮಕ್ಕಳ ನೆಗಡಿ ನಮಗೂ ಅಂಟುವುದು ಸಾಮಾನ್ಯ. ಓಟಗಾರರ ನಡುವೆ ಒಂದು ಸರಳ ಅಳತೆ ಇದೆ. ಬರೀ ಮೂಗು ಸೋರುವುದು, ಸೀನುವುದು, ಹೀಗೆ ಕುತ್ತಿಗೆಯಿಂದ ಮೇಲಿನ ಸಣ್ಣ ತೊಂದರೆಯಾದರೆ ನಿಧಾನವಾಗಿ ಸ್ವಲ್ಪ ಓಡಬಹುದು. ಜ್ವರ, ಮೈಕೈ ನೋವು, ಎದೆಯ ಕಫ ಇದ್ದರೆ ಓಟ ಪೂರ್ತಿ ಬಂದ್.

ಪ್ಲಾನ್ ಮಾಡುವಾಗಲೇ ಮೂರು ವಾರ ಜಾಸ್ತಿ ಇಟ್ಟುಕೊಳ್ಳಿ. ಮಕ್ಕಳಿರುವ ಮನೆಯಲ್ಲಿ 16 ವಾರದ ಪ್ಲಾನ್ 16 ವಾರದಲ್ಲಿ ಮುಗಿಯುವುದಿಲ್ಲ. ಹಾಗಿದ್ದೂ ನಾಲ್ಕೈದು ವಾರ ಕೈತಪ್ಪಿದರೆ ಆ ಸಲ 21.1 ಕಿಲೋಮೀಟರಿನ ಹಾಫ್ ಮ್ಯಾರಥಾನ್ ಓಡಿ. ನಾನು ಒಮ್ಮೆ ಹಾಗೆ ಬದಲಿಸಿದೆ. ಎರಡು ದಿನ ಬೇಸರವಾಯಿತು, ಆಮೇಲೆ ಹಗುರ ಅನ್ನಿಸಿತು.

ಟ್ರೈನಿಂಗ್‌ನಲ್ಲೇ 42 ಕಿಲೋಮೀಟರ್ ಓಡಬೇಕಾ?

ಬೇಕಿಲ್ಲ. ಹೆಚ್ಚಿನ ಪ್ಲಾನ್‌ಗಳು 30-32 ಕಿಲೋಮೀಟರಿಗೆ ನಿಲ್ಲುತ್ತವೆ. ನಿಧಾನವಾಗಿ ಓಡುವವರು ಮೂರು, ಮೂರೂವರೆ ಗಂಟೆ ದಾಟದಿರುವುದು ಒಳ್ಳೆಯದು. ಅದಕ್ಕಿಂತ ಜಾಸ್ತಿಯಾದರೆ ಲಾಭ ಸ್ವಲ್ಪ, ಸುಸ್ತು ಬಹಳ. ಮನೆಯವರ ಪಾಲಿಗೂ ಇದು ಒಳ್ಳೆಯ ಸುದ್ದಿ.

30 ಕಿಲೋಮೀಟರ್ ಸುತ್ತಮುತ್ತ ಕಾಲು ಸೀಸದಂತಾಗುವುದನ್ನು ಓಟಗಾರರು 'ಗೋಡೆಗೆ ಡಿಕ್ಕಿ' ಅನ್ನುತ್ತಾರೆ. ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗುವುದೇ ಅದಕ್ಕೆ ಮುಖ್ಯ ಕಾರಣ. ಅದಕ್ಕೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುತ್ತಾ ಓಡಬೇಕು. ಓಟಗಾರರು ತಿನ್ನುವ ಸಕ್ಕರೆಯ ಜೆಲ್ ಆಗಲಿ, ಬಾಳೆಹಣ್ಣಾಗಲಿ, ಲಾಂಗ್ ರನ್‌ನಲ್ಲೇ ತಿಂದು ಅಭ್ಯಾಸ ಮಾಡಿಕೊಳ್ಳಿ. ರೇಸ್ ದಿನ ಹೊಸದೇನನ್ನೂ ಬಾಯಿಗೆ ಹಾಕಬೇಡಿ. ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ.

ಹೆರಿಗೆಯಾಗಿ ಎಷ್ಟು ದಿನಕ್ಕೆ ಓಡಬಹುದು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ.

ಹೆರಿಗೆಯ ನಂತರದ ತಪಾಸಣೆಯಲ್ಲಿ ನನ್ನನ್ನು ಎರಡು ನಿಮಿಷ ನೋಡಿ, 'ಎಲ್ಲಾ ಸರಿ ಇದೆ, ಇನ್ನು ಏನು ಬೇಕಾದರೂ ಮಾಡಬಹುದು' ಅಂದು ಕಳಿಸಿದರು. ಏಳನೇ ವಾರದಲ್ಲಿ ಓಡಲು ಹೋದೆ. ಹತ್ತು ನಿಮಿಷಕ್ಕೆ ಮೂತ್ರ ಸೋರಿತು. ಕೆಳಗೆ ಏನೋ ಜಗ್ಗಿದ ಹಾಗೆ ಭಾರ. ನಾಚಿಕೆಯಿಂದ ಯಾರಿಗೂ ಹೇಳದೆ ಮತ್ತೆ ನಾಲ್ಕು ಸಲ ಓಡಿದೆ. ಕೊನೆಗೆ ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ, ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಂಡೆ. ಅಲ್ಲಿಂದ ಮುಂದೆ ನಾಲ್ಕು ತಿಂಗಳು ಬರೀ ನಡಿಗೆ ಮತ್ತು ವ್ಯಾಯಾಮ.

ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ಇದಕ್ಕೆಂದೇ ಒಂದು ಮಾರ್ಗದರ್ಶಿ ತಂದರು. ಅದರ ಪ್ರಕಾರ ಹೆರಿಗೆಯಾಗಿ ಮೂರು ತಿಂಗಳಿಗಿಂತ ಮೊದಲು ಓಟ ಬೇಡ. ಮೂರು ತಿಂಗಳು ಎನ್ನುವುದು ಕನಿಷ್ಠ. ಎಲ್ಲರೂ ಅಷ್ಟರಲ್ಲಿ ತಯಾರಾಗುತ್ತಾರೆ ಅಂತಲ್ಲ. 30 ನಿಮಿಷ ನಡೆದರೆ ನೋವು, ಭಾರ, ಸೋರಿಕೆ ಯಾವುದೂ ಇರಬಾರದು. ಒಂಟಿ ಕಾಲಲ್ಲಿ ನಿಲ್ಲಲು, ಸಣ್ಣದಾಗಿ ಹಾರಲು ಆಗಬೇಕು. ಸಿಸೇರಿಯನ್ ಆದವರಿಗೆ ಹೊಟ್ಟೆಯ ಗಾಯ ಒಳಗಿಂದ ಗಟ್ಟಿಯಾಗಲು ಇನ್ನೂ ಸಮಯ ಬೇಕಾಗಬಹುದು.

ಕೆಮ್ಮಿದರೆ, ಓಡಿದರೆ ಮೂತ್ರ ಸೋರುವುದು ತುಂಬಾ ಜನರಿಗೆ ಇರುವ ತೊಂದರೆ. ಆದರೆ ತಾಯಿಯಾದ ಮೇಲೆ ಅದು ಇದ್ದದ್ದೇ ಅಂತ ಸುಮ್ಮನಿರಬೇಕಿಲ್ಲ. ಅದಕ್ಕೆ ಚಿಕಿತ್ಸೆ ಇದೆ. ದಯವಿಟ್ಟು ಹೋಗಿ ತೋರಿಸಿ.

ಹಾಲೂಡಿಸುವವರು ಓಡಬಹುದು. ಓಡುವ ಮೊದಲು ಹಾಲು ಕುಡಿಸಿದರೆ ಎದೆ ಹಗುರವಾಗಿರುತ್ತದೆ. ಊಟ, ನೀರು ಎರಡೂ ಜಾಸ್ತಿ ಬೇಕು.

ಮಗುವನ್ನು ಸ್ಟ್ರೋಲರ್‌ನಲ್ಲಿ (ಮಗುವಿನ ತಳ್ಳುಗಾಡಿಯಲ್ಲಿ) ಕೂರಿಸಿಕೊಂಡು ಓಡಬಹುದಾ?

ಓಡಲೆಂದೇ ಮಾಡಿದ ಜಾಗಿಂಗ್ ಸ್ಟ್ರೋಲರ್ ಆದರೆ ಮಾತ್ರ. ಮಾಮೂಲಿ ಸ್ಟ್ರೋಲರ್‌ನ ಚಿಕ್ಕ ಚಕ್ರ ಒಂದು ಕಲ್ಲಿಗೆ ಸಿಕ್ಕರೂ ಮಗುಚುತ್ತದೆ. ಮಗುವಿನ ಕುತ್ತಿಗೆ, ಬೆನ್ನು ಗಟ್ಟಿಯಾಗಿರಬೇಕು. ಸಾಮಾನ್ಯವಾಗಿ ಆರರಿಂದ ಎಂಟು ತಿಂಗಳವರೆಗೆ ಕಾಯಲು ಹೇಳುತ್ತಾರೆ. ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಓಡುವಾಗ ಮುಂದಿನ ಚಕ್ರ ಲಾಕ್ ಆಗಿರಲಿ, ಮಗುವಿಗೆ ಬೆಲ್ಟ್ ಇರಲಿ, ಸ್ಟ್ರೋಲರ್‌ನ ಪಟ್ಟಿ ನಿಮ್ಮ ಮಣಿಕಟ್ಟಿಗೆ ಇರಲಿ. ಕಿವಿಗೆ ಇಯರ್‌ಫೋನ್ ಬೇಡ. ಪೇಸ್ ಇಳಿಯುತ್ತದೆ, ಗಡಿಯಾರ ನೋಡಬೇಡಿ.

ತಳ್ಳಿಕೊಂಡು ಓಡುವುದು ಅಂದಾಗ ನನಗೆ ನೆನಪಾಗುವುದು ಅಮೆರಿಕದ ಡಿಕ್ ಹೋಯ್ಟ್ ಮತ್ತು ಅವರ ಮಗ ರಿಕ್. ರಿಕ್‌ಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೈಕೈ ಚಲನೆ ಹಿಡಿತಕ್ಕೆ ಸಿಗದ ಮೆದುಳಿನ ತೊಂದರೆ, ಇತ್ತು. 1977ರಲ್ಲಿ ಅಪ್ಪ ಮೊದಲ ಸಲ ಮಗನ ಗಾಲಿಕುರ್ಚಿ ತಳ್ಳುತ್ತಾ ಐದು ಮೈಲಿ ಓಡಿದರು. ಆಮೇಲೆ ದಶಕಗಳ ಕಾಲ ಬಾಸ್ಟನ್ ಮ್ಯಾರಥಾನ್‌ನಲ್ಲಿ ಇಬ್ಬರೂ ಜೊತೆಯಾಗಿ ಬಂದರು. ಜೊತೆಯಾಗಿ ಓಡಿದ ಕೊನೆಯ ಬಾಸ್ಟನ್ 2014ರದು. ಅಷ್ಟು ಹೊತ್ತಿಗೆ ಅಪ್ಪನಿಗೆ 73 ವರ್ಷ.

ಮನೆಯಲ್ಲೇ ಟ್ರೆಡ್‌ಮಿಲ್ ಇಟ್ಟುಕೊಂಡರೆ?

ಮಗು ಮಲಗಿದಾಗ ಓಡಲು ಅನುಕೂಲ. ಆದರೆ ಓಡುವ ಬೆಲ್ಟಿಗೆ ಚಿಕ್ಕ ಮಕ್ಕಳ ಬೆರಳು ಸಿಕ್ಕಿ ದೊಡ್ಡ ಗಾಯಗಳಾಗುತ್ತವೆ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಲ್ಲಿ ಇಡಿ. ಮುಗಿದ ತಕ್ಷಣ ಮಶೀನ್ ನಿಲ್ಲಿಸುವ ಸೇಫ್ಟಿ ಕೀ ತೆಗೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ, ಪ್ಲಗ್ ತೆಗೆಯಿರಿ.

ನಾನು ಒಬ್ಬಳೇ ಮಗು ಸಾಕುತ್ತಿದ್ದೇನೆ. ನನಗೆ ಇದು ಸಾಧ್ಯವಾ?

ಕಷ್ಟ ಜಾಸ್ತಿ, ಆದರೆ ಸಾಧ್ಯ. ನನ್ನ ಜೊತೆ ಓಡುವ ಒಬ್ಬರು ಹೀಗೆ ಮಾಡಿದರು. ವಾರಕ್ಕೆ ಮೂರೇ ದಿನ ಓಟ. ಎರಡು ದಿನ ಆಫೀಸಿನ ಊಟದ ಬಿಡುವಿನಲ್ಲಿ. ಲಾಂಗ್ ರನ್‌ಗೆ ಇನ್ನೊಬ್ಬ ತಾಯಿಯ ಜೊತೆ ಒಪ್ಪಂದ. ಈ ವಾರ ನಿನ್ನ ಮಗು ನನ್ನ ಹತ್ತಿರ, ಮುಂದಿನ ವಾರ ನನ್ನ ಮಗು ನಿನ್ನ ಹತ್ತಿರ. ಹಾಗಾಗಿ ಲಾಂಗ್ ರನ್ ಎರಡು ವಾರಕ್ಕೊಮ್ಮೆ ಬಂತು, ಪ್ಲಾನ್ 26 ವಾರಕ್ಕೆ ಎಳೆಯಿತು. ಮಗನ ಫುಟ್‌ಬಾಲ್ ಕ್ಲಾಸ್ ಇದ್ದ ದಿನ ಮೈದಾನದ ಸುತ್ತಲೇ ಸುತ್ತು ಹಾಕುತ್ತಿದ್ದರು. ಅವನು ತಲೆ ಎತ್ತಿದಾಗೆಲ್ಲ ಅಮ್ಮ ಕಾಣುತ್ತಿದ್ದರು. ಐದು ಗಂಟೆ ನಲವತ್ತು ನಿಮಿಷಕ್ಕೆ ಅವರು ಮ್ಯಾರಥಾನ್ ಮುಗಿಸಿದರು.

ಮಕ್ಕಳನ್ನು ಬಿಟ್ಟು ಓಡುವಾಗ ಮನಸ್ಸು ಚುಚ್ಚುತ್ತದೆ. ಏನು ಮಾಡಲಿ?

ಎಲ್ಲರಿಗೂ ಚುಚ್ಚುತ್ತದೆ. ಅಮ್ಮಂದಿರಿಗೆ ಸುತ್ತಲಿನವರೂ ಸೇರಿ ಚುಚ್ಚುತ್ತಾರೆ. ಅಪ್ಪ ಓಡಿದರೆ ಶಹಬ್ಬಾಸ್ ಅನ್ನುವವರೇ ಅಮ್ಮ ಓಡಿದರೆ 'ಮಕ್ಕಳನ್ನ ಯಾರು ನೋಡ್ಕೋತಾರೆ?' ಅಂತ ಕೇಳುತ್ತಾರೆ. ನನಗೆ ಆ ಪ್ರಶ್ನೆ ಕೇಳಿದರೆ 'ಅವರ ಅಪ್ಪ' ಅಂತ ಹೇಳಿ ಸುಮ್ಮನಾಗುತ್ತೇನೆ.

ಆದರೆ ಚುಚ್ಚುವುದರಲ್ಲಿ ಎರಡು ಬಗೆ ಇದೆ. ಒಂದು ಬರೀ ಅಭ್ಯಾಸದ್ದು. ನಮಗಾಗಿ ಒಂದು ಗಂಟೆ ತೆಗೆದುಕೊಂಡರೂ ಏನೋ ಕದ್ದ ಹಾಗೆ ಅನ್ನಿಸುವುದು. ಅದನ್ನು ಅದರ ಪಾಡಿಗೆ ಬಿಡಿ, ಮೂರನೇ ಕಿಲೋಮೀಟರಿನಲ್ಲಿ ಕರಗುತ್ತದೆ. ಇನ್ನೊಂದಕ್ಕೆ ಕಾರಣ ಇರುತ್ತದೆ. ಶಾಲೆಯ ಕಾರ್ಯಕ್ರಮ ಎರಡು ಸಲ ತಪ್ಪಿಸಿಕೊಂಡಿರಿ. ಮಗು ತನ್ನ ವಿಷಯವನ್ನು ನಿಮ್ಮ ಹತ್ತಿರ ಹೇಳುವುದನ್ನು ಬಿಟ್ಟಿದೆ. ಮನೆಗೆ ಬಂದರೂ ತಲೆಯಲ್ಲಿ ಪೇಸ್ ಲೆಕ್ಕವೇ ಓಡುತ್ತಿದೆ. ಆಗ ಪ್ಲಾನ್ ಬದಲಿಸಬೇಕು. ನಾನು ಬುಧವಾರ ಓಡುವುದಿಲ್ಲ, ಎಂಥ ಪ್ಲಾನ್ ಇದ್ದರೂ. ಅವತ್ತು ಮಗಳಿಗೆ ನಾನೇ ಜಡೆ ಹಾಕಿ, ಶಾಲೆಯವರೆಗೆ ಕೈ ಹಿಡಿದು ನಡೆಯುತ್ತೇನೆ. ಅವಳ ಮಾತೆಲ್ಲ ಹೊರಗೆ ಬರುವುದು ಆ ಹದಿನೈದು ನಿಮಿಷದಲ್ಲಿ.

ಮಕ್ಕಳನ್ನೂ ಓಟಕ್ಕೆ ಎಳೆಯಬಹುದಾ?

ಕರೆಯಿರಿ, ಎಳೆಯಬೇಡಿ. ನೀವು ಓಡುವಾಗ ಪಕ್ಕದಲ್ಲಿ ಸೈಕಲ್ ತುಳಿಯಲಿ. ಮಕ್ಕಳಿಗೆಂದೇ ಇರುವ ಒಂದು ಕಿಲೋಮೀಟರ್ ಓಟ ಓಡಲಿ. ಪೂರ್ತಿ ಮ್ಯಾರಥಾನ್‌ಗೆ ಬಹಳ ಕಡೆ 18 ವರ್ಷ ಆಗಿರಲೇಬೇಕು, ಅದಕ್ಕೆ ಸರಿಯಾದ ಕಾರಣವೂ ಇದೆ. ಬೆಳೆಯುವ ಮೂಳೆಗೆ ಅಷ್ಟು ಹೊರೆ ಬೇಡ.

ರೇಸ್ ದಿನ ಮನೆಯವರು ಎಲ್ಲಿ ನಿಲ್ಲಬೇಕು?

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಶುರುವಾಗಿದ್ದು ವಿಂಡ್ಸರ್ ಅರಮನೆಯ ಅಂಗಳದಿಂದ. ರಾಜಮನೆತನದ ಮಕ್ಕಳು ತಮ್ಮ ಕೋಣೆಯ ಕಿಟಕಿಯಿಂದಲೇ ನೋಡಲಿ ಎಂದು ಅಲ್ಲಿ ಇಟ್ಟರು ಎನ್ನುವ ಮಾತಿದೆ. ಅಲ್ಲಿಂದ ಸ್ಟೇಡಿಯಂವರೆಗಿನ ಆ ದೂರವೇ, 42.195 ಕಿಲೋಮೀಟರ್, 1921ರಲ್ಲಿ ಅಧಿಕೃತ ದೂರವಾಯಿತು. ಮಕ್ಕಳು ನೋಡುವುದಕ್ಕೆ ಅಷ್ಟು ಬೆಲೆ ಇದೆ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಮಕ್ಕಳಿಗೆ ಮಾತ್ರ ಐದು ಗಂಟೆ ಕಾದರೆ ನೀವು ಕಾಣುವುದು ಹತ್ತು ಸೆಕೆಂಡ್. ಆದ್ದರಿಂದ ಶುರುವಿಗೆ ಕರೆದುಕೊಂಡು ಹೋಗಬೇಡಿ, ನಿದ್ದೆ ಮಾಡಲಿ. 32ನೇ ಕಿಲೋಮೀಟರ್ ಹತ್ತಿರ ಒಂದು ಜಾಗ ಗೊತ್ತುಮಾಡಿ. ನಿಮಗೆ ಅವರು ಬೇಕಾಗುವುದು ಅಲ್ಲೇ. ರಸ್ತೆಯ ಎಡಕ್ಕೋ ಬಲಕ್ಕೋ ಎಂಬುದೂ ಮೊದಲೇ ಗೊತ್ತಿರಲಿ. 5 ಗಂಟೆಗೆ ಮುಗಿಸುವ ಲೆಕ್ಕವಾದರೆ ಪೇಸ್ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡ್, 32ಕ್ಕೆ ಬರುವುದು ಸುಮಾರು 3 ಗಂಟೆ 47 ನಿಮಿಷಕ್ಕೆ. ಅರ್ಧ ಗಂಟೆ ತಡವಾದರೂ ಹೆದರಬೇಡಿ ಅಂತ ಮೊದಲೇ ಹೇಳಿಡಿ. ಮುಗಿದ ಮೇಲೆ ಗಡಿಬಿಡಿಯಲ್ಲಿ ಫೋನ್ ಹತ್ತುವುದಿಲ್ಲ. ಸೇರುವ ಜಾಗ ಒಂದನ್ನು ಹಿಂದಿನ ದಿನವೇ ನಿರ್ಧರಿಸಿ.

ಮ್ಯಾರಥಾನ್ ಮುಗಿದ ಮೇಲೆ ಎಷ್ಟು ದಿನ ಬಿಡುವು ಬೇಕು?

ಮೂರು ನಾಲ್ಕು ದಿನ ಮೆಟ್ಟಿಲು ಇಳಿಯುವುದೇ ಕಷ್ಟ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಬೇಡಿ, ತೊಡೆ ಹಠಾತ್ತನೆ ಕೈಕೊಡುತ್ತದೆ. ಎರಡು ಮೂರು ವಾರ ಜೋರು ಓಟ ಬೇಡ. ಆ ವಾರಗಳ ಬೆಳಗ್ಗೆಗಳನ್ನು ಮನೆಗೆ ಕೊಡಿ.

ಮುಂದಿನ ಮ್ಯಾರಥಾನ್‌ಗೆ ಯಾವಾಗ ಹೆಸರು ಕೊಡಬಹುದು?

ದೇಹದ ಮಟ್ಟಿಗೆ ಹೇಳುವುದಾದರೆ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು. ಮನೆಯ ಮಟ್ಟಿಗೆ, ಮತ್ತೆ ಕ್ಯಾಲೆಂಡರ್ ತೆಗೆದು ಕೇಳಬೇಕು. ಈ ವರ್ಷ ನಾನು ಹೆಸರು ಕೊಟ್ಟಿಲ್ಲ. ಗಂಡ ಈಜು ಕಲಿಯಲು ಸೇರಿದ್ದಾರೆ, ಕ್ಲಾಸ್ ಇರುವುದು ಭಾನುವಾರ ಬೆಳಿಗ್ಗೆ. ವಾರದಲ್ಲಿ ಮೂರು ದಿನ ನಾನು ಆರೇಳು ಕಿಲೋಮೀಟರ್ ಓಡಿಕೊಂಡಿದ್ದೇನೆ. ಭಾನುವಾರ ಐದೂವರೆಗೆ ಅವರು ಹೊರಡುತ್ತಾರೆ. ಚಿಲಕ ಟಕ್ ಅನ್ನುತ್ತದೆ, ಅವರಿಗೆ ಇನ್ನೂ ಅದು ಬಂದಿಲ್ಲ. ಮಗ ಎದ್ದು ಬಂದು ನನ್ನ ಪಕ್ಕದಲ್ಲಿ ಮಲಗುತ್ತಾನೆ.